ಮೊದಲು ಬಿಪಿ, ಆಕ್ಸಿಜನ್. ಆಮೇಲೆ ಟ್ಯೂಬ್: ಐಸಿಯು ಇಂಟ್ಯುಬೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯ ಒಂದು ಐಸಿಯುನಲ್ಲಿ ಕೆಲಸ ಮಾಡುತ್ತೇನೆ. ಗದಗ, ಹಾವೇರಿ, ರೋಣ, ಹಾನಗಲ್ ಕಡೆಯ ಸಣ್ಣ ಆಸ್ಪತ್ರೆಗಳಿಂದ ರಾತ್ರಿ ಹೊತ್ತು ಫೋನ್ ಬರುತ್ತವೆ. "ಸರ್, ಸ್ಯಾಚುರೇಷನ್ 78, ಬಿಪಿ 80, ಟ್ಯೂಬ್ ಹಾಕಲಾ?" ಸ್ಯಾಚುರೇಷನ್ ಅಂದರೆ ರಕ್ತದಲ್ಲಿರುವ ಆಕ್ಸಿಜನ್‌ನ ಶೇಕಡಾ ಲೆಕ್ಕ. ಟ್ಯೂಬ್ ಹಾಕುವುದು, ಅಂದರೆ ಇಂಟ್ಯುಬೇಷನ್, ಬಾಯಿಯ ಮೂಲಕ ಶ್ವಾಸನಾಳಕ್ಕೆ ಉಸಿರಿನ ಕೊಳವೆ ಇಳಿಸುವುದು. ಕೇಳುವವರು ಹೆಚ್ಚಾಗಿ ಆಗಷ್ಟೇ ಎಂಬಿಬಿಎಸ್ ಮುಗಿಸಿದ ಡ್ಯೂಟಿ ಡಾಕ್ಟರ್‌ಗಳು. ಪಕ್ಕದಲ್ಲಿ ಒಬ್ಬರೇ ಸಿಸ್ಟರ್ ಇರುತ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿ ಉತ್ತರ ಬರೆದಿದ್ದೇನೆ. ಇಲ್ಲಿರುವ ಡೋಸ್‌ಗಳು ದೊಡ್ಡವರಿಗೆ ಮಾತ್ರ, ಮಕ್ಕಳ ಲೆಕ್ಕ ಬೇರೆ. ರೋಗಿ ಎದುರಿಗಿದ್ದಾಗ ಇದನ್ನು ಓದುತ್ತಾ ಕೂರಬೇಡಿ, ಸೀನಿಯರ್‌ಗೆ ಫೋನ್ ಮಾಡಿ. ಬಿಡುವಿದ್ದಾಗ ಓದಿಟ್ಟುಕೊಳ್ಳಿ.

ಆಪರೇಷನ್ ಥಿಯೇಟರ್‌ನಲ್ಲಿ ದಿನಾ ಹತ್ತು ಜನಕ್ಕೆ ಟ್ಯೂಬ್ ಹಾಕುತ್ತಾರೆ. ಐಸಿಯುನಲ್ಲಿ ಮಾತ್ರ ಯಾಕೆ ಇಷ್ಟು ಭಯ?

ಥಿಯೇಟರ್‌ಗೆ ಬರುವವರು ಹೊಟ್ಟೆ ಖಾಲಿ ಇಟ್ಟುಕೊಂಡು, ಪರೀಕ್ಷೆ ಎಲ್ಲಾ ಮುಗಿಸಿಕೊಂಡು ಬಂದಿರುತ್ತಾರೆ. ಅವರ ಶ್ವಾಸಕೋಶದಲ್ಲಿ ಆಕ್ಸಿಜನ್ ದಾಸ್ತಾನು ಇರುತ್ತದೆ. ಉಸಿರು ನಿಲ್ಲಿಸಿದರೂ ಕೆಲವು ನಿಮಿಷ ಸ್ಯಾಚುರೇಷನ್ ಕದಲುವುದಿಲ್ಲ. ಐಸಿಯು ರೋಗಿಗೆ ಆ ದಾಸ್ತಾನೇ ಇಲ್ಲ. ನ್ಯುಮೋನಿಯಾದಲ್ಲಿ ಶ್ವಾಸಕೋಶ ತುಂಬಿರುತ್ತದೆ, ಸೋಂಕಿನಿಂದ ಇಡೀ ಮೈ ಕೆಡುವ ಸೆಪ್ಸಿಸ್‌ನಲ್ಲಿ ದೇಹ ಆಕ್ಸಿಜನ್ ಜಾಸ್ತಿ ಸುಡುತ್ತಿರುತ್ತದೆ. ಅರ್ಧ ನಿಮಿಷದಲ್ಲೇ 92 ಇದ್ದದ್ದು 70ಕ್ಕೆ ಬರಬಹುದು.

29 ದೇಶಗಳ 2,964 ರೋಗಿಗಳನ್ನು ಗಮನಿಸಿದ 'ಇನ್‌ಟ್ಯೂಬ್' ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಟ್ಯೂಬ್ ಹಾಕುವ ಹೊತ್ತಿನಲ್ಲಿ ಏನಾದರೂ ಒಂದು ದೊಡ್ಡ ತೊಂದರೆ ಆದದ್ದು ನೂರಕ್ಕೆ 45 ಜನರಿಗೆ. ರಕ್ತ ಪರಿಚಲನೆ ಕುಸಿದದ್ದು 42.6 ಶೇಕಡಾ, ಆಕ್ಸಿಜನ್ ತೀರಾ ಕೆಳಗೆ ಹೋದದ್ದು 9.3 ಶೇಕಡಾ, ಹೃದಯ ನಿಂತದ್ದು 3.1 ಶೇಕಡಾ. ಅಂಕಿ ಇನ್ನೊಮ್ಮೆ ನೋಡಿ. ನಾವು ಹೆದರುವುದು ಟ್ಯೂಬ್ ಹೋಗುತ್ತದೋ ಇಲ್ಲವೋ ಅಂತ. ರೋಗಿಗೆ ಜಾಸ್ತಿ ಏಟು ಬೀಳುತ್ತಿರುವುದು ಬಿಪಿ ಕಡೆಯಿಂದ.

ಟ್ಯೂಬ್ ಸಲೀಸಾಗಿ ಹೋಯಿತು, ಆದರೂ ಬಿಪಿ ಬಿದ್ದುಹೋಯಿತು. ಯಾಕೆ?

ಶಾಕ್‌ನಲ್ಲಿರುವ, ಅಂದರೆ ರಕ್ತ ಪರಿಚಲನೆ ಸೋತಿರುವ, ರೋಗಿಯ ಬಿಪಿ 90 ಇದ್ದರೆ, ಅದು ದೇಹ ಇದ್ದಬದ್ದ ಅಡ್ರಿನಲಿನ್ ಎಲ್ಲಾ ಸುರಿದು ಎತ್ತಿ ಹಿಡಿದಿರುವ 90. ನಾವು ನಿದ್ದೆಯ ಮದ್ದು ಕೊಟ್ಟ ಕೂಡಲೇ ಆ ಹಿಡಿತ ಸಡಿಲವಾಗುತ್ತದೆ. ರಕ್ತನಾಳಗಳು ಹಿಗ್ಗುತ್ತವೆ. ಅದರ ಬೆನ್ನಿಗೇ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಒತ್ತುತ್ತೇವೆ. ಅಲ್ಲಿಯವರೆಗೆ ಎದೆಯೊಳಗೆ ಉಸಿರಿನ ಸೆಳೆತ ಇತ್ತು, ಅದು ರಕ್ತವನ್ನು ಹೃದಯದ ಕಡೆಗೆ ಎಳೆಯುತ್ತಿತ್ತು. ಈಗ ಒತ್ತಡ ಬಂತು. ಹೃದಯಕ್ಕೆ ವಾಪಸ್ ಬರುವ ರಕ್ತವೇ ಕಡಿಮೆಯಾಯಿತು. ಎರಡೂ ಒಂದೇ ನಿಮಿಷದಲ್ಲಿ ಆಗುತ್ತವೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಹೊಸತು, ಒಂದು ಆಸ್ಪತ್ರೆಯ ರಾತ್ರಿ ಡ್ಯೂಟಿ. ಐವತ್ತರ ಆಸುಪಾಸಿನ ಒಬ್ಬರು, ನ್ಯುಮೋನಿಯಾ, ಬಿಪಿ 88/50. ನನಗೆ ಅವಸರ. ನಿದ್ದೆಯ ಮದ್ದು ಪ್ರೊಪೊಫಾಲ್ 100 ಮಿ.ಗ್ರಾಂ. ಕೊಟ್ಟೆ. ಟ್ಯೂಬ್ ಮೊದಲ ಸಲಕ್ಕೇ ಹೋಯಿತು. ನನಗೆ ಒಳಗೊಳಗೇ ಸಮಾಧಾನ. ಅಷ್ಟರಲ್ಲಿ ಮಾನಿಟರ್‌ನ ಬೀಪ್ ಸದ್ದು ದಪ್ಪಗಾಗುತ್ತಾ ಹೋಯಿತು. ಸಿಸ್ಟರ್ ತೊಡೆಸಂದಿಯಲ್ಲಿ ಎರಡು ಬೆರಳಿಟ್ಟು ನಿಂತಿದ್ದರು. ನನ್ನ ಮುಖ ನೋಡಿ, "ಸರ್, ಪಲ್ಸ್ ಸಿಗವಲ್ದರೀ" ಅಂದರು. ಎದೆ ಒತ್ತಿದೆವು. ಹೃದಯ ಮತ್ತೆ ಶುರುವಾಯಿತು, ಆದರೆ ಅವರು ಎಚ್ಚರವಾಗಲೇ ಇಲ್ಲ. ಮೂರನೇ ದಿನ ತೀರಿಕೊಂಡರು. ಆ ರಾತ್ರಿ ಹತ್ತು ನಿಮಿಷ ತಡೆದು, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಶುರು ಮಾಡಿ, ಬೇರೆ ಮದ್ದನ್ನು ಅರ್ಧ ಡೋಸ್‌ನಲ್ಲಿ ಕೊಟ್ಟಿದ್ದರೆ? ಈ ಪುಟ ಬರೆಯುವುದಕ್ಕೆ ಆ ಪ್ರಶ್ನೆಯೇ ಕಾರಣ.

ಹಾಗಾದರೆ ಮದ್ದು ಕೊಡುವ ಮುಂಚೆ ಬಿಪಿಗೆ ಏನು ಮಾಡಲಿ? ಒಂದು ಬಾಟಲಿ ಸಲೈನ್ ಓಡಿಸಿದರೆ ಸಾಕಾ?

ವಾಂತಿ, ಭೇದಿ, ರಕ್ತಸ್ರಾವ ಆಗಿ ದೇಹದಲ್ಲಿ ನೀರು, ರಕ್ತ ಕಡಿಮೆ ಇದ್ದವರಿಗೆ ಕೊಡಲೇಬೇಕು. ಆದರೆ ಎಲ್ಲರಿಗೂ ಸುಮ್ನೆ ಅರ್ಧ ಲೀಟರ್ ಓಡಿಸಿದರೆ ಲಾಭ ಇಲ್ಲ. 2022ರ 'ಪ್ರಿಪೇರ್ 2' ಪ್ರಯೋಗದಲ್ಲಿ 1,067 ರೋಗಿಗಳ ಪೈಕಿ ಒಂದು ಗುಂಪಿಗೆ 500 ಮಿ.ಲೀ. ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ರಕ್ತ ಪರಿಚಲನೆ ಕುಸಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ನನ್ನ ಅಭ್ಯಾಸ ಹೀಗಿದೆ. ಮೊದಲು ನಾಡಿಯ ಸಂಖ್ಯೆಯನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡುತ್ತೇನೆ. ನಾಡಿ 120, ಬಿಪಿ 100 ಇದ್ದರೆ 1.2. ಇದನ್ನು ಶಾಕ್ ಇಂಡೆಕ್ಸ್ ಅನ್ನುತ್ತಾರೆ. 0.9 ದಾಟಿದರೆ, ಬಿಪಿ ನೋಡಲು ಚೆನ್ನಾಗಿಯೇ ಕಂಡರೂ, ಟ್ಯೂಬ್ ಹಾಕಿದ ಮೇಲೆ ಬೀಳುವ ಸಾಧ್ಯತೆ ಜಾಸ್ತಿ ಅಂತ ಇಟ್ಟುಕೊಳ್ಳಿ. ಅಂಥವರಿಗೆ ನಾರ್‌ಅಡ್ರಿನಲಿನ್ ಮೊದಲೇ ಶುರು ಮಾಡಿ. ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ನಾಳಕ್ಕೆ ಹಾಕುವ ಕೊಳವೆ) ಇಲ್ಲ ಅಂತ ಕಾಯಬೇಡಿ. ಮೊಣಕೈ ಹತ್ತಿರದ ದೊಡ್ಡ ನಾಳದಲ್ಲಿ ಒಳ್ಳೆಯ ಕ್ಯಾನುಲಾ ಇದ್ದರೆ ಸ್ವಲ್ಪ ಹೊತ್ತಿಗೆ ಅದರಲ್ಲೇ ಕೊಡಬಹುದು. ಚರ್ಮ ಊದುತ್ತಿದೆಯಾ ಅಂತ ಮಾತ್ರ ನೋಡುತ್ತಿರಬೇಕು. ಬಿಪಿ ಕಫ್‌ ಅನ್ನು ಇನ್ನೊಂದು ಕೈಗೆ ಕಟ್ಟಿ. ಒಂದೇ ಕೈಯಲ್ಲಿ ಎರಡೂ ಇದ್ದರೆ ಕಫ್ ಬಿಗಿದಾಗಲೆಲ್ಲಾ ಮದ್ದು ನಿಲ್ಲುತ್ತದೆ. ಇದನ್ನು ಬಹಳ ಸಲ ನೋಡಿದ್ದೇನೆ.

ಇನ್ನೊಂದು ಸಿರಿಂಜ್ ಯಾವಾಗಲೂ ಟ್ರೇಯಲ್ಲಿ ಇರಲಿ. 1 ಮಿ.ಗ್ರಾಂ.ನ ಒಂದು ಅಡ್ರಿನಲಿನ್ ಆಂಪ್ಯೂಲ್ ಅನ್ನು 100 ಮಿ.ಲೀ. ಸಲೈನ್‌ಗೆ ಸೇರಿಸಿದರೆ, ಪ್ರತಿ ಮಿ.ಲೀ.ಗೆ 10 ಮೈಕ್ರೋಗ್ರಾಂ. ಬಿಪಿ ಕುಸಿದರೆ 1 ಅಥವಾ 2 ಮಿ.ಲೀ. ಕೊಡಿ, ಬಿಪಿ ನೋಡಿ, ಬೇಕಾದರೆ ಮತ್ತೆ ಕೊಡಿ. ಸಿರಿಂಜ್ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಬಾಟಲಿಯ ಮೇಲೂ ಬರೆಯಿರಿ. ಹೆಸರಿಲ್ಲದ ಸಿರಿಂಜ್ ಕಂಡರೆ ನಾನು ಎಸೆಯುತ್ತೇನೆ.

ನಿದ್ದೆಗೆ ಯಾವ ಮದ್ದು ಒಳ್ಳೆಯದು?

ಕೆಟಮಿನ್ ಅಥವಾ ಎಟೊಮಿಡೇಟ್. ನಿಮ್ಮ ಕೈಗೆ ಯಾವುದು ಪಳಗಿದೆಯೋ ಅದು. ಕೆಟಮಿನ್ ಬಿಪಿ ಏರಿಸುತ್ತದೆ ಅಂತ ಪೂರ್ತಿ ನಂಬಬೇಡಿ. ದಿನಗಟ್ಟಲೆ ಶಾಕ್‌ನಲ್ಲಿದ್ದು ಸೋತ ದೇಹದಲ್ಲಿ ಅದೂ ಬಿಪಿ ಬೀಳಿಸುತ್ತದೆ. ಕೆಟಮಿನ್‌ನ ಸಾಮಾನ್ಯ ಡೋಸ್ ಕಿಲೋಗೆ 1ರಿಂದ 2 ಮಿ.ಗ್ರಾಂ. ಇದ್ದರೆ, ಶಾಕ್‌ನಲ್ಲಿ 0.5ರಿಂದ 1 ಸಾಕು.

ಆದರೆ ಸ್ನಾಯು ಸಡಿಲಿಸುವ ಮದ್ದನ್ನು ಕಡಿಮೆ ಮಾಡಬೇಡಿ. ರೋಕ್ಯುರೋನಿಯಂ ಕಿಲೋಗೆ 1.2 ಮಿ.ಗ್ರಾಂ. ಪೂರ್ತಿ ಕೊಡಿ. ಶಾಕ್‌ನಲ್ಲಿ ರಕ್ತ ನಿಧಾನಕ್ಕೆ ಓಡುವುದರಿಂದ ಮದ್ದು ನಾಟುವುದೂ ನಿಧಾನ. ಒಂದೂವರೆ ನಿಮಿಷ ಕಾದರೂ ತಪ್ಪಿಲ್ಲ. ಇದನ್ನು ಫ್ರಿಜ್‌ನಲ್ಲಿ ಇಡಬೇಕಾದ್ದರಿಂದ, ಕರೆಂಟ್ ಹೋಗಿ ಬರುವ ಕಡೆ ಫ್ರಿಜ್ ಸರಿ ಇದೆಯಾ ಅಂತ ದಿನಾ ನೋಡಿಕೊಳ್ಳಿ. ಸಕ್ಸಿನೈಲ್‌ಕೋಲಿನ್ ಕೊಡುವುದಾದರೆ ಪೊಟ್ಯಾಸಿಯಂ ಜಾಸ್ತಿ ಇರುವವರಿಗೆ, ಸುಟ್ಟ ಗಾಯ ಹಳೆಯದಾದವರಿಗೆ, ಬಹಳ ದಿನ ಹಾಸಿಗೆ ಹಿಡಿದವರಿಗೆ ಬೇಡ.

ಆಕ್ಸಿಜನ್ ಮಾಸ್ಕ್ ಹಾಕಿದ್ದೇವೆ, ಇನ್ನೇನು ಮಾಡಬೇಕು?

ಮಂಚದ ತಲೆಭಾಗ 20ರಿಂದ 30 ಡಿಗ್ರಿ ಎತ್ತಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹೊಟ್ಟೆ ಕೆಳಗೆ ಸರಿದರೆ ಶ್ವಾಸಕೋಶ ಅರಳುತ್ತದೆ, ವಾಂತಿಯೂ ಸುಲಭಕ್ಕೆ ಮೇಲೆ ಬರುವುದಿಲ್ಲ.

ಬೈಪ್ಯಾಪ್ ಅಥವಾ ಎನ್‌ಐವಿ (ಟ್ಯೂಬ್ ಇಲ್ಲದೆ ಬಿಗಿ ಮಾಸ್ಕ್‌ನಿಂದ ಒತ್ತಡದಲ್ಲಿ ಉಸಿರು ಕೊಡುವ ಯಂತ್ರ) ಇದ್ದರೆ, 100 ಶೇಕಡಾ ಆಕ್ಸಿಜನ್ ಇಟ್ಟು ಕನಿಷ್ಠ 3 ನಿಮಿಷ ಕೊಡಿ. 2024ರ 'ಪ್ರಿಆಕ್ಸಿ' ಪ್ರಯೋಗದಲ್ಲಿ 1,301 ರೋಗಿಗಳಿದ್ದರು. ಟ್ಯೂಬ್ ಹಾಕುವಾಗ ಸ್ಯಾಚುರೇಷನ್ 85ಕ್ಕಿಂತ ಕೆಳಗಿಳಿದದ್ದು ಬರೀ ಮಾಸ್ಕ್ ಹಾಕಿದವರಲ್ಲಿ 18.5 ಶೇಕಡಾ, ಎನ್‌ಐವಿ ಹಾಕಿದವರಲ್ಲಿ 9.1. ಅಂದರೆ ಅರ್ಧಕ್ಕರ್ಧ. ಕೋವಿಡ್ ಹೊತ್ತಿನಲ್ಲಿ ಬಂದ ಎಷ್ಟೋ ಬೈಪ್ಯಾಪ್ ಯಂತ್ರಗಳು ಬಟ್ಟೆ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿವೆ. ಹೊರಗೆ ತೆಗೆಯಿರಿ. ವಾಂತಿ ಮಾಡಿಕೊಳ್ಳುತ್ತಿರುವವರಿಗೆ ಮಾತ್ರ ಇದು ಬೇಡ.

ಜೊತೆಗೆ ಮೂಗಿಗೆ ಪ್ರಾಂಗ್ಸ್ (ಆಕ್ಸಿಜನ್ ಕೊಳವೆ) ಹಾಕಿ ನಿಮಿಷಕ್ಕೆ 15 ಲೀಟರ್ ಬಿಡಿ. ಟ್ಯೂಬ್ ಹಾಕುವಾಗಲೂ ಅದು ಹಾಗೇ ಇರಲಿ. ರೋಗಿ ಗಾಬರಿಯಿಂದ ಮಾಸ್ಕ್ ಕಿತ್ತೆಸೆಯುತ್ತಿದ್ದರೆ ಕೈಕಾಲು ಕಟ್ಟಿ ಒತ್ತಿ ಹಿಡಿಯಬೇಡಿ. ಸ್ವಲ್ಪ ಕೆಟಮಿನ್ ನಿಧಾನಕ್ಕೆ ಕೊಟ್ಟರೆ ಉಸಿರು ಇದ್ದೇ ಇರುತ್ತದೆ, ರೋಗಿ ಶಾಂತವಾಗುತ್ತಾರೆ. ಆಗ ಮಾಸ್ಕ್ ಕೂರಿಸಿ ಮೂರು ನಿಮಿಷ ಆಕ್ಸಿಜನ್ ತುಂಬಿ, ಆಮೇಲೆ ಸ್ನಾಯು ಸಡಿಲಿಸಿ.

ಮದ್ದು ಕೊಟ್ಟ ಮೇಲೆ ಆಂಬು ಒತ್ತಬಾರದು, ಹೊಟ್ಟೆಯದು ಮೇಲೆ ಬರುತ್ತದೆ ಅಂತ ಕಾಲೇಜಿನಲ್ಲಿ ಹೇಳಿದ್ದರಲ್ಲ?

ನನಗೂ ಹಾಗೇ ಹೇಳಿದ್ದರು. 2019ರಲ್ಲಿ 'ಪ್ರಿವೆಂಟ್' ಪ್ರಯೋಗದಲ್ಲಿ 401 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಮೆಲ್ಲಗೆ ಆಂಬು ಒತ್ತಿದ ಗುಂಪಿನಲ್ಲಿ ಸ್ಯಾಚುರೇಷನ್ 80ಕ್ಕಿಂತ ಕೆಳಗಿಳಿದದ್ದು 10.9 ಶೇಕಡಾ, ಒತ್ತದ ಗುಂಪಿನಲ್ಲಿ 22.8. ಹೊಟ್ಟೆಯದು ಶ್ವಾಸಕೋಶಕ್ಕೆ ಇಳಿಯುವುದೇನೂ ಜಾಸ್ತಿಯಾಗಲಿಲ್ಲ. ರಕ್ತವಾಂತಿ ಅಥವಾ ವಿಪರೀತ ವಾಂತಿ ಇದ್ದವರನ್ನು ಬಿಟ್ಟು, ಉಳಿದವರಿಗೆ ಮೆಲ್ಲಗೆ ಒತ್ತಿ. ಎದೆ ಏಳುವಷ್ಟು ಸಾಕು.

ಬೆರಳಿನ ಪ್ರೋಬ್ 94 ತೋರಿಸುತ್ತಿದೆ. ಇನ್ನೂ ಟೈಮ್ ಇದೆ ಅಲ್ವಾ?

ಇಲ್ಲ. ಕೈಕಾಲು ತಣ್ಣಗಾದವರಲ್ಲಿ ಪ್ರೋಬ್ ತೋರಿಸುವುದು ಆಗಲೇ ಕಳೆದುಹೋದ ಅರ್ಧ, ಒಂದು ನಿಮಿಷದ ಹಿಂದಿನ ಕಥೆ. 93 ಬಂದಾಗಲೇ ಲ್ಯಾರಿಂಗೋಸ್ಕೋಪ್ (ಗಂಟಲು ನೋಡುವ ಸಾಧನ) ಬಾಯಿಂದ ಹೊರಗೆ ತೆಗೆದು ಆಂಬು ಹಿಡಿಯಿರಿ.

ವಿಡಿಯೋ ಲ್ಯಾರಿಂಗೋಸ್ಕೋಪ್ ಬೇಕೇ ಬೇಕಾ?

ಇದ್ದರೆ ಅದನ್ನೇ ಮೊದಲು ಬಳಸಿ. 2023ರ 'ಡಿವೈಸ್' ಪ್ರಯೋಗದಲ್ಲಿ ಮೊದಲ ಸಲಕ್ಕೇ ಟ್ಯೂಬ್ ಹೋದದ್ದು ವಿಡಿಯೋದಲ್ಲಿ 85.1 ಶೇಕಡಾ, ಮಾಮೂಲಿಯದರಲ್ಲಿ 70.8. ಇಲ್ಲದಿದ್ದರೆ, ಟ್ಯೂಬ್‌ಗೆ ದಾರಿ ತೋರಿಸುವ ಬೂಜಿ ಅಥವಾ ಸ್ಟೈಲೆಟ್ ಇಲ್ಲದೆ ಶುರು ಮಾಡಬೇಡಿ. ಮಾಮೂಲಿ ಲ್ಯಾರಿಂಗೋಸ್ಕೋಪ್‌ನ ಬಲ್ಬ್ ಉರಿಯುತ್ತದಾ ಅಂತ ಡ್ಯೂಟಿ ಶುರುವಾದಾಗಲೇ ನೋಡಿ.

ಎಣ್ಣೆ ಕುಡಿದವರು ಬಂದರೆ ಏನು ಬೇರೆ?

ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣೆ ಅನ್ನುತ್ತಾರೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳಿಂದ ಇಂಥವರು ಬರುತ್ತಲೇ ಇರುತ್ತಾರೆ. ಬಾಯಿಂದ ನೊರೆ, ಸೂಜಿಮೊನೆಯಷ್ಟು ಪಾಪೆ, ಎದೆ ತುಂಬ ಗೊರಗೊರ.

ಅದು ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕ ಆಗಿದ್ದರೆ ಅಟ್ರೋಪಿನ್ ಮೊದಲು. 1.8ರಿಂದ 3 ಮಿ.ಗ್ರಾಂ., ಅಂದರೆ 0.6ರ ಆಂಪ್ಯೂಲ್ ಮೂರರಿಂದ ಐದು. ಐದು ನಿಮಿಷಕ್ಕೊಮ್ಮೆ ನೋಡಿ ದುಪ್ಪಟ್ಟು ಮಾಡುತ್ತಾ ಹೋಗಿ. ಎದೆಯ ಗೊರಗೊರ ನಿಲ್ಲಬೇಕು, ನಾಡಿ 80 ದಾಟಬೇಕು, ಬಿಪಿ ಏರಬೇಕು, ಕಂಕುಳು ಒಣಗಬೇಕು. ಎದೆ ಒಣಗಿದರೆ ಕೆಲವರಿಗೆ ಟ್ಯೂಬೇ ಬೇಕಾಗುವುದಿಲ್ಲ. ಬೇಕಾದವರಿಗೂ ಗಂಟಲು ಕಾಣುತ್ತದೆ. ಆದರೆ ಪ್ರಜ್ಞೆ ಇಲ್ಲದೆ ಉಸಿರೇ ನಿಲ್ಲುತ್ತಿದ್ದರೆ ಕಾಯಬೇಡಿ. ಅಟ್ರೋಪಿನ್ ಹೋಗುತ್ತಿರುವಾಗಲೇ ಟ್ಯೂಬ್‌ಗೆ ತಯಾರಾಗಿ. ಎರಡು ಸಕ್ಷನ್ ಇರಲಿ.

ಸಕ್ಸಿನೈಲ್‌ಕೋಲಿನ್ ಇವರಿಗೆ ಬೇಡ. ಅದನ್ನು ಕರಗಿಸುವ ಕಿಣ್ವವನ್ನೇ ವಿಷ ಕಟ್ಟಿಹಾಕಿರುತ್ತದೆ. ಕೆಲವೇ ನಿಮಿಷ ಇರಬೇಕಾದ ಮದ್ದು ಗಂಟೆಗಟ್ಟಲೆ ನಿಲ್ಲುತ್ತದೆ. ರೋಕ್ಯುರೋನಿಯಂ ಬಳಸಿ. ನೀವು ಗ್ಲೌಸ್ ಹಾಕಿಕೊಂಡು ರೋಗಿಯ ಬಟ್ಟೆ ಬಿಚ್ಚಿ, ಮೈ ತೊಳೆಯಿರಿ.

ಹಾವು ಕಡಿದು ಕಣ್ಣು ತೆರೆಯಲು ಆಗದವರಿಗೆ ನಿದ್ದೆಯ ಮದ್ದು ಯಾಕೆ? ಹೇಗೂ ಪ್ರಜ್ಞೆ ಇಲ್ಲವಲ್ಲ?

ಪ್ರಜ್ಞೆ ಇದೆ. ದಯವಿಟ್ಟು ಇದೊಂದನ್ನು ನೆನಪಿಡಿ. ಕಟ್ಟುಹಾವಿನ ವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆ, ಮಿದುಳನ್ನಲ್ಲ. ನೆಲದ ಮೇಲೆ ಮಲಗಿದ್ದವರಿಗೆ ರಾತ್ರಿ ಕಚ್ಚುತ್ತದೆ. ಎಷ್ಟೋ ಸಲ ಕಚ್ಚಿದ ಗುರುತೂ ಸಿಗುವುದಿಲ್ಲ. ಬೆಳಗ್ಗೆ ಹೊಟ್ಟೆನೋವು ಅನ್ನುತ್ತಾರೆ, ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರು ಸಣ್ಣಗಾಗುತ್ತದೆ.

ಒಬ್ಬ ಹುಡುಗಿಗೆ ಹೀಗೇ ಆಗಿತ್ತು. ಬೇರೆ ಕಡೆ ಟ್ಯೂಬ್ ಹಾಕಿ ಕಳಿಸಿದ್ದರು. ರೆಪ್ಪೆ ಮುಚ್ಚಿತ್ತು, ಬೆರಳೂ ಅಲುಗಾಡುತ್ತಿರಲಿಲ್ಲ. ನಾನು ರೆಪ್ಪೆ ಎತ್ತಿ ಟಾರ್ಚ್ ಬಿಟ್ಟೆ, ಪಾಪೆ ಕದಲಲಿಲ್ಲ. ಕೈ ತೆಗೆದಾಗ ಕಣ್ಣಂಚಿನಿಂದ ಒಂದು ಹನಿ ಕಿವಿಯ ಕಡೆಗೆ ಹರಿದುಹೋಯಿತು. ನಾಡಿ 140. ಆ ಹುಡುಗಿಗೆ ಎಲ್ಲಾ ಕೇಳಿಸುತ್ತಿತ್ತು. ನಿದ್ದೆಯ ಮದ್ದು ಹಚ್ಚಿ, ಕಿವಿಯ ಹತ್ತಿರ ಬಾಗಿ, "ನಿನಗ ಏನೂ ಆಗಂಗಿಲ್ಲವ್ವಾ, ಯಂತ್ರ ಉಸಿರು ಕೊಡತೈತಿ" ಅಂದೆ. ಕೆಲವು ದಿನಗಳ ಮೇಲೆ ಎದ್ದು ಕೂತಳು. ಪಾಪೆ ಕದಲುವುದಿಲ್ಲ ಅಂತ ಇಂಥವರ ಫೈಲ್‌ನಲ್ಲಿ ಮಿದುಳು ಸತ್ತಿದೆ ಅಂತ ಬರೆಯಬೇಡಿ. ವಿಷ ಇಳಿಯುವವರೆಗೆ ಉಸಿರು ಕೊಟ್ಟರೆ ಬದುಕುತ್ತಾರೆ.

ಸಕ್ಕರೆ ಕಾಯಿಲೆಯವರು, ಕೀಟೋನ್ ಏರಿದೆ, ನಾಯಿ ತೇಕುವ ಹಾಗೆ ತೇಕುತ್ತಿದ್ದಾರೆ. ಟ್ಯೂಬ್ ಹಾಕಲಾ?

ಆದಷ್ಟು ಬೇಡ. ಆ ತೇಕುವಿಕೆಯೇ ಅವರನ್ನು ಬದುಕಿಸಿದೆ. ರಕ್ತದ ಆಮ್ಲವನ್ನು ಉಸಿರಿನ ಮೂಲಕ ಹೊರಗೆ ಹಾಕುತ್ತಿದ್ದಾರೆ. ನೀವು ಒಂದು ನಿಮಿಷ ಉಸಿರು ನಿಲ್ಲಿಸಿದರೂ ಆಮ್ಲ ಏರಿ ಹೃದಯ ನಿಲ್ಲಬಹುದು. ಸಲೈನ್, ಇನ್ಸುಲಿನ್ ಶುರು ಮಾಡಿ ಪಕ್ಕದಲ್ಲೇ ನಿಲ್ಲಿ. ಹಾಕಲೇಬೇಕಾದರೆ ಅಲ್ಲಿರುವವರಲ್ಲಿ ಕೈ ಪಳಗಿದವರೇ ಹಾಕಲಿ. ವೆಂಟಿಲೇಟರ್‌ನಲ್ಲಿ ಉಸಿರು ನಿಮಿಷಕ್ಕೆ 28ರಿಂದ 30 ಇಡಿ. ಮಾಮೂಲಿಯಂತೆ 14 ಇಟ್ಟರೆ ರೋಗಿ ಕೈತಪ್ಪುತ್ತಾರೆ.

ಟ್ಯೂಬ್ ಸರಿಯಾದ ಜಾಗದಲ್ಲೇ ಇದೆ ಅಂತ ಹೇಗೆ ಗೊತ್ತು? ಎರಡೂ ಕಡೆ ಗಾಳಿ ಕೇಳಿಸಿತು.

ಸ್ಟೆತಸ್ಕೋಪ್ ಮೋಸ ಮಾಡುತ್ತದೆ. ಟ್ಯೂಬ್‌ನೊಳಗಿನ ಮಂಜೂ ಮೋಸ ಮಾಡುತ್ತದೆ. ಹೊರಬರುವ ಉಸಿರನ್ನು ಅಳೆಯುವ ಕ್ಯಾಪ್ನೋಗ್ರಾಫ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಅಲೆ ಕನಿಷ್ಠ 7 ಉಸಿರಿನವರೆಗೆ ನಿಲ್ಲಬೇಕು. ಅಲೆ ಇಲ್ಲ ಅಂದರೆ ಟ್ಯೂಬ್ ಅನ್ನನಾಳದಲ್ಲಿದೆ ಅಂತಲೇ ಲೆಕ್ಕ. "ಹೃದಯ ನಿಂತಿದೆ, ಅದಕ್ಕೇ ಅಲೆ ಬರುತ್ತಿಲ್ಲ" ಅನ್ನಬೇಡಿ. ಎದೆ ಒತ್ತುತ್ತಿದ್ದರೆ ಸಣ್ಣದಾದರೂ ಅಲೆ ಬರುತ್ತದೆ. ಬ್ರಿಟನ್‌ನ 2011ರ 'ನ್ಯಾಪ್ 4' ವರದಿ, ಉಸಿರಿನ ದಾರಿಯ ತೊಂದರೆಯಿಂದಾದ ಐಸಿಯು ಸಾವುಗಳಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಕಡೆ ಕ್ಯಾಪ್ನೋಗ್ರಾಫ್ ಬಳಸದಿದ್ದದ್ದೂ ಒಂದು ಕಾರಣ ಇರಬೇಕು ಅಂದಿತ್ತು. ನಿಮ್ಮ ಆಸ್ಪತ್ರೆ ಈ ವರ್ಷ ಒಂದೇ ಯಂತ್ರ ಕೊಳ್ಳುವುದಾದರೆ ಇದನ್ನು ಕೊಳ್ಳಿ ಅಂತ ಮಾಲೀಕರನ್ನು ಕಾಡಿ.

ಟ್ಯೂಬ್ ಹೋಗುತ್ತಿಲ್ಲ, ಸ್ಯಾಚುರೇಷನ್ ಇಳಿಯುತ್ತಿದೆ. ಮುಂದೆ?

ಟ್ಯೂಬ್ ಮರೆತುಬಿಡಿ, ಆಕ್ಸಿಜನ್ ಕೊಡಿ. ಇಬ್ಬರು ಸೇರಿ ಮಾಸ್ಕ್ ಹಿಡಿಯಿರಿ. ಆಗದಿದ್ದರೆ ಎಲ್‌ಎಂಎ ಅಥವಾ ಐಜೆಲ್ (ಶ್ವಾಸನಾಳದ ಬಾಯಿಯ ಮೇಲೆ ಕೂರುವ ಕೊಳವೆ) ಹಾಕಿ. ಅದೂ ಆಗದೆ ಸ್ಯಾಚುರೇಷನ್ ಬೀಳುತ್ತಲೇ ಇದ್ದರೆ ಕುತ್ತಿಗೆಯ ಮುಂಭಾಗದಿಂದ ದಾರಿ ಮಾಡಬೇಕು. ಬ್ಲೇಡ್, ಬೂಜಿ, 6ರ ಟ್ಯೂಬ್. ಭಾರತದ ಡಿಫಿಕಲ್ಟ್ ಏರ್‌ವೇ ಸಂಘ 2016ರಲ್ಲಿ ನಮ್ಮ ಐಸಿಯುಗಳಿಗೆಂದೇ ಮಾರ್ಗಸೂಚಿ ಕೊಟ್ಟಿದೆ. ಅದರ ಚಿತ್ರವನ್ನು ಮುದ್ರಿಸಿ ಗೋಡೆಗೆ ಅಂಟಿಸಿ. ಶುರು ಮಾಡುವ ಮುಂಚೆಯೇ ಜೋರಾಗಿ ಹೇಳಿ: "ಮೊದಲ ಸಲ ಆಗದಿದ್ದರೆ ಹೀಗೆ, ಎರಡನೇ ಸಲವೂ ಆಗದಿದ್ದರೆ ಹೀಗೆ." ಸಿಸ್ಟರ್‌ಗೆ ಒಂದು ಮಾತು ಹೇಳಿರಿ: "ಸ್ಯಾಚುರೇಷನ್ 93 ಆದಾಗ ನನಗೆ ಕೂಗಿ ಹೇಳಿ, ನಾನು ಕೇಳದಿದ್ದರೆ ಕೈ ಹಿಡಿದು ಎಳೆಯಿರಿ." ಗಂಟಲು ನೋಡುತ್ತಾ ಬಗ್ಗಿದವರಿಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ಹುಬ್ಬಳ್ಳಿಗೆ ಕಳಿಸುವ ಮುಂಚೆ ಟ್ಯೂಬ್ ಹಾಕಬೇಕಾ?

ದಾರಿಯಲ್ಲಿ ಬೇಕಾಗಬಹುದು ಅನ್ನಿಸಿದರೆ ಹೊರಡುವ ಮುಂಚೆಯೇ ಹಾಕಿ. ಬಂಕಾಪುರ ದಾಟಿದ ಮೇಲೆ ಓಡುವ ಆಂಬ್ಯುಲೆನ್ಸ್‌ನಲ್ಲಿ ಯಾರಿಗೂ ಅದು ಸುಲಭವಲ್ಲ. ಆದರೆ ಬಿಪಿ ಸರಿ ಮಾಡದೆ ಅವಸರಕ್ಕೆ ಹಾಕಿ ಕಳಿಸುವುದಕ್ಕಿಂತ, ಅರ್ಧ ಗಂಟೆ ತಡವಾದರೂ ಸರಿ ಮಾಡಿ ಕಳಿಸುವುದು ಮೇಲು.

ಆಕ್ಸಿಜನ್ ಲೆಕ್ಕ ಹಾಕಿ. ಪೂರ್ತಿ ತುಂಬಿದ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್. ನಿಮಿಷಕ್ಕೆ 15 ಲೀಟರ್ ಬಿಟ್ಟರೆ 100 ನಿಮಿಷ. ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿ.ಮೀ. ರಸ್ತೆ ಖಾಲಿ ಇದ್ದರೂ, ಆಸ್ಪತ್ರೆ ಬಾಗಿಲಲ್ಲಿ ಇಳಿಸುವುದು, ಲಿಫ್ಟ್ ಕಾಯುವುದು ಎಲ್ಲಾ ಸೇರಿಸಿ. ಒಂದು ಸಿಲಿಂಡರ್ ಸಾಲುವುದಿಲ್ಲ. ಗೇಜ್ ಅನ್ನು ನೀವೇ ನೋಡಿ. ರೋಕ್ಯುರೋನಿಯಂ ಕೊಟ್ಟಿದ್ದರೆ ನಿದ್ದೆಯ ಮದ್ದು ದಾರಿಯುದ್ದಕ್ಕೂ ಓಡುತ್ತಿರಲಿ. ಕೆಟಮಿನ್ ಕಾಲು ಗಂಟೆಗೆ ಇಳಿಯುತ್ತದೆ, ರೋಕ್ಯುರೋನಿಯಂ ಇಳಿಯಲು ಒಂದು ಗಂಟೆ ಬೇಕು.

"ಪೈಪ್ ಹಾಕಿದ ಮ್ಯಾಲೆ ಮಂದಿ ಉಳಿಯೂದಿಲ್ಲ ಅಂತಾರಲ್ರೀ?" ಅಂತ ಮನೆಯವರು ಕೇಳಿದರೆ?

ಸುಳ್ಳು ಧೈರ್ಯ ಹೇಳಬೇಡಿ, ಹೆದರಿಸಲೂ ಬೇಡಿ. ಪೈಪ್ ಹಾಕುವಷ್ಟು ಕಾಯಿಲೆ ಜೋರಾಗಿದೆ, ಕಾಯಿಲೆ ಇಳಿಯುವವರೆಗೆ ಯಂತ್ರ ಉಸಿರಿನ ಕೆಲಸ ಮಾಡುತ್ತದೆ ಅಂತ ಹೇಳಿ. ಹಾಕುವ ಹೊತ್ತಿನಲ್ಲಿ ಅಪಾಯ ಇದೆ, ಅದಕ್ಕೇ ಮೊದಲು ಬಿಪಿ ಏರಿಸುತ್ತಿದ್ದೇವೆ, ಸುಮ್ನೆ ಕೂತಿಲ್ಲ ಅಂತಲೂ ಹೇಳಿ. "ಯಾಕ ತಡಾ ಮಾಡಾಕತ್ತೀರಿ" ಅನ್ನುವ ಸಿಟ್ಟು ಇದರಿಂದ ಎಷ್ಟೋ ಕಡಿಮೆಯಾಗುತ್ತದೆ.

ಬಿಪಿಗೆ ಮದ್ದು ಹಚ್ಚಿ, ಎನ್‌ಐವಿ ಹಾಕಿ ಕಾಯುವ ಆ ಕೆಲವು ನಿಮಿಷದಲ್ಲಿ, ರೋಗಿಗೆ ಎಚ್ಚರ ಇದ್ದರೆ, ಮನೆಯವರೊಬ್ಬರನ್ನು ಒಳಗೆ ಕರೆಯಿರಿ. ಮುಂದೆ ಎಷ್ಟೋ ದಿನ ಮಾತು ಇರುವುದಿಲ್ಲ. ಬ್ಯಾಡಗಿ ಕಡೆಯ ಒಬ್ಬ ಯಜಮಾನರ ಮಗನನ್ನು ಹೀಗೇ ಕರೆದಿದ್ದೆವು. ಹುಡುಗ ಅಪ್ಪನ ಕೈ ಹಿಡಿದು ನಿಂತ, ಏನು ಹೇಳಬೇಕೋ ತಿಳಿಯಲಿಲ್ಲ. ಅಪ್ಪನೇ ಮಾಸ್ಕ್ ಒಳಗಿಂದ, ಒಂದೊಂದೇ ಮಾತಿಗೆ ಉಸಿರು ತೆಗೆದುಕೊಳ್ಳುತ್ತಾ ಕೇಳಿದರು: "ಮೋಟರ್... ಬಂದ್ ಮಾಡಿ... ಬಂದ್ಯೇನೋ?"

"ಮಾಡೀನಿ ಅಪ್ಪಾ."

ಅವರು ತಲೆಯಾಡಿಸಿದರು. ಸಿಸ್ಟರ್ ಬಿಪಿ ಓದಿ ಹೇಳಿದರು, 118. ಮದ್ದು ಕೊಟ್ಟೆವು.